ಕಟ್ಟಿದ್ದನ್ನು ಕಾಯ್ದವರು: ಸರ್ ಎಂ. ವಿಶ್ವೇಶ್ವರಯ್ಯನವರು

ಹರಿಯುವ ನೀರನ್ನು ತಡೆದು ನಿಲ್ಲಿಸಿ ಜನಕ್ಕೂ ಜಾನುವಾರಿಗೂ ಒದಗಿಸುವುದು ಪುಣ್ಯಕಾರ್ಯವೆಂದು ಕನ್ನಡ ನಾಡು ಬಹು ಹಿಂದಿನಿಂದಲೂ ನಂಬಿಕೊಂಡು ಬಂದಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸುವುದನ್ನೇ ಶಿವಪೂಜೆಯೆಂದು ಬಗೆದು ನಡೆದರು. ಅಲ್ಲಮಪ್ರಭುಗಳು ಅವರನ್ನು ಕಂಡದ್ದೂ ಕೆರೆಯ ಕೆಲಸ ನಡೆಯುತ್ತಿದ್ದ ಸ್ಥಳದಲ್ಲಿಯೇ ಎಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ನಮ್ಮ ಹಿರಿಯರು ಕೆರೆ ಕಟ್ಟಿಸಿದವರನ್ನು ಕೊಂಡಾಡಿ ಅಷ್ಟಕ್ಕೇ ಸುಮ್ಮನಾದವರಲ್ಲ. ಕೆರೆಯ ದುರಸ್ತಿಗಾಗಿ ಬಿತ್ತುವಟ್ಟವೆಂದು ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟ ಶಾಸನಗಳುಂಟು. ಹೂಳನ್ನೆತ್ತಿ ಏರಿಗೆ ಹಾಕುವ ಬಂಡಿಯ ವೆಚ್ಚಕ್ಕೆಂದು ದತ್ತಿಯನ್ನು ಬಿಟ್ಟ ಶಾಸನಗಳೂ ಉಂಟು. ಕಟ್ಟುವುದು ಒಮ್ಮೆ, ಕಾಯುವುದು ದಿನವೂ ಎಂಬ ತಿಳಿವು ಆ ಶಾಸನಗಳಲ್ಲಿ ಅಡಗಿದೆ.

ಈ ತಿಳಿವನ್ನು ಹೊಸ ಕಾಲದ ಶಾಸ್ತ್ರಜ್ಞಾನದೊಡನೆ ಬೆಸೆದು ಬಾಳಿದ ಮಹನೀಯರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರ ಹೆಸರನ್ನೆತ್ತಿದೊಡನೆ ಕನ್ನಂಬಾಡಿಯ ಮಹಾ ಅಣೆಕಟ್ಟು ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಅವರ ದೀರ್ಘ ಜೀವನವನ್ನು ನಿಧಾನವಾಗಿ ಅವಲೋಕಿಸಿದರೆ ಮತ್ತೊಂದು ಸಂಗತಿ ಕಾಣಬರುತ್ತದೆ. ಹೊಸತನ್ನು ಕಟ್ಟಿದುದಕ್ಕಿಂತ ಮೊದಲು ಅವರಿಗೆ ಕೀರ್ತಿ ತಂದುದು, ಇನ್ನೊಬ್ಬರು ಕಟ್ಟಿದ್ದ ಅಣೆಯನ್ನು ಅಪಾಯವಿಲ್ಲದಂತೆ ನಡೆಸುವ ಉಪಾಯ. ಅವರ ಬುದ್ಧಿಯನ್ನು ಬಹುವಾಗಿ ಒರೆಗೆ ಹಚ್ಚಿದುದು, ಹಳ್ಳಿಗಾಡಿನ ಸಣ್ಣ ಕೆರೆಗಳು ಒಡೆದು ಮಹಾನಗರವೊಂದನ್ನು ಮುಳುಗಿಸಿದ ದುರಂತ. ಗುಡ್ಡಗಳ ನಡುವೆ ನೆಲೆಸಿ, ಒಂದು ವರ್ಷ ಬರವನ್ನೂ ಮತ್ತೊಂದು ವರ್ಷ ಹಳ್ಳದ ಹುಚ್ಚು ಹೊಳೆಯನ್ನೂ ಕಾಣುವ ಗುಳೇದಗುಡ್ಡದ ಸೀಮೆಯವರಿಗೆ ಅವರ ಬಾಳಿನ ಈ ಭಾಗ ವಿಶೇಷವಾಗಿ ಮನನೀಯವಾದುದು.

ವಿಶ್ವೇಶ್ವರಯ್ಯನವರು 1860ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆತನದ ಮೂಲಸ್ಥಾನ ಆಂಧ್ರದ ಮೋಕ್ಷಗುಂಡಂ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿ ಓದನ್ನು ಮುಂದುವರಿಸಿದನು. ಮನೆಯಲ್ಲಿ ಸಿರಿವಂತಿಕೆಯಿರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಉಳ್ಳವರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಖರ್ಚನ್ನು ನಿಭಾಯಿಸಿಕೊಂಡರು. 1881ರಲ್ಲಿ ಬಿ.ಎ. ಪದವಿ ಪಡೆದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ಸೇರಿದರು. ಬಡ ವಿದ್ಯಾರ್ಥಿಗೆ ಸಕಾಲದಲ್ಲಿ ದೊರೆತ ನೆರವು ನಾಡಿಗೆ ಎಷ್ಟು ಮಡಿಯಾಗಿ ಹಿಂದಿರುಗಬಲ್ಲದು ಎಂಬುದಕ್ಕೆ ಅವರ ಜೀವನಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಉದ್ಯೋಗದ ಮೊದಲ ದಿನಗಳಲ್ಲಿಯೇ ನೆರೆಯ ನೀರು ಅವರನ್ನು ಪರೀಕ್ಷಿಸಿತು. ಖಾನದೇಶದ ಧುಳೆ ಪ್ರದೇಶದಲ್ಲಿ ಹಳ್ಳವೊಂದರ ತಳದಲ್ಲಿ ಕೊಳವೆಯನ್ನು ಹಾಯಿಸಿ ಕಾಲುವೆಯ ನೀರನ್ನು ಆಚೆ ದಡಕ್ಕೆ ಸಾಗಿಸುವ ಕೆಲಸವನ್ನು ಅವರಿಗೆ ಒಪ್ಪಿಸಲಾಗಿತ್ತು. ಕೆಲಸದ ನಡುವೆಯೇ ಮಳೆಗಾಲ ಬಂದಿತು. ಹಳ್ಳಕ್ಕೆ ನೆರೆ ಬಂದು ಅಗೆದ ಜಾಗವೆಲ್ಲ ಮರಳಿನಿಂದ ತುಂಬಿತು. ಮಳೆ ಮುಗಿಯುವವರೆಗೆ ಕೆಲಸ ನಿಲ್ಲಿಸುವುದು ಲೇಸೆಂದು ಅವರು ಬರೆದಾಗ ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ತರುಣ ಇಂಜಿನಿಯರರು ಮನಸ್ಸನ್ನು ಗಟ್ಟಿಮಾಡಿಕೊಂಡು ನೆರೆಯ ಏರಿಳಿತವನ್ನು ಕಾದು ನೋಡಿ, ಮಳೆಗಾಲದಲ್ಲಿಯೇ ಕೆಲಸವನ್ನು ಪೂರೈಸಿ ಮೆಚ್ಚುಗೆ ಪಡೆದರು. ಹಳ್ಳವು ಯಾರ ಅನುಕೂಲವನ್ನೂ ಕಾಯುವುದಿಲ್ಲ ಎಂಬ ಪಾಠವು ಅವರಿಗೆ ಅಲ್ಲಿ ದೊರೆಯಿತು.

ಮುಂದಿನ ಎರಡು ದಶಕಗಳ ಕಾಲ ಅವರು ಮುಂಬಯಿ ಪ್ರಾಂತದ ಉದ್ದಗಲಕ್ಕೂ ದುಡಿದರು. ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲು, ಗುಳೇದಗುಡ್ಡಗಳೆಲ್ಲವೂ ಆಗ ಅದೇ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದುವು. ಸಿಂಧ್ ಪ್ರದೇಶದ ಸಕ್ಕರದಲ್ಲಿ ಕೆಸರು ತುಂಬಿದ ಸಿಂಧೂ ನದಿಯ ನೀರನ್ನು ಪಾತ್ರದ ಮರಳಿನಲ್ಲಿಯೇ ಸೋಸಿ ತೆಗೆಯುವ ಉಪಾಯವನ್ನು 1895ರ ವೇಳೆಗೆ ಯಶಸ್ವಿಗೊಳಿಸಿದರು. ಧಾರವಾಡ, ವಿಜಾಪುರಗಳ ಕುಡಿಯುವ ನೀರಿನ ಪ್ರಶ್ನೆಯೂ ಅವರ ಪರಿಶೀಲನೆಗೆ ಬಂದಿತು. ಕೊಲ್ಹಾಪುರ ಸಂಸ್ಥಾನದಲ್ಲಿ ರಾಜಧಾನಿಗೆ ನೀರೊದಗಿಸುವ ಕೆರೆಯ ಮಣ್ಣಿನ ಏರಿಯು ಅಪಾಯಕ್ಕೀಡಾದಾಗ ಅದನ್ನು ಉಳಿಸುವ ದಾರಿ ತೋರಲು ಅವರ ನೆರವನ್ನೇ ಪಡೆದರು. ಹೊಸ ಕೆಲಸಕ್ಕೆ ಮುಂದೆ ಬರುವವರು ಹಲವರು. ಇನ್ನೊಬ್ಬರು ಕಟ್ಟಿದ ಹಳೆಯ ಏರಿ ಜಿನುಗುವಾಗ ಅದರ ಹೊಣೆ ಹೊರಲು ಮುಂದೆ ಬರುವವರು ಕೆಲವರು. ವಿಶ್ವೇಶ್ವರಯ್ಯನವರು ಆ ಕೆಲವರ ಪೈಕಿ ಒಬ್ಬರಾಗಿದ್ದರು.

1899ರಿಂದ ಪುಣೆಯ ನೀರಾವರಿಯ ಹೊಣೆ ಅವರ ಪಾಲಿಗೆ ಬಂದಿತು. ಆಗ ಪುಣೆಗೂ ಅದರ ಕಾಲುವೆಗಳಿಗೂ ಮುಠಾ ನದಿಯ ಖಡಕ್‌ವಾಸಲಾ ಅಣೆಯ ನೀರೇ ಆಧಾರವಾಗಿತ್ತು. ಮಳೆಗಾಲದಲ್ಲಿ ಕೋಡಿಯ ಮೇಲೆ ಹಲವು ಅಡಿ ಎತ್ತರಕ್ಕೆ ನೀರು ಹರಿದು ವ್ಯರ್ಥವಾಗುತ್ತಿತ್ತು. ಬೇಸಗೆಯಲ್ಲಿ ನೀರಿಗೆ ಕೊರತೆ ಬೀಳುತ್ತಿತ್ತು. ಕೋಡಿಯನ್ನೇ ಎತ್ತರಿಸಿ ಮುಚ್ಚಿಬಿಟ್ಟರೆ ಸಂಗ್ರಹ ಹೆಚ್ಚೀತು, ಆದರೆ ನೆರೆ ಬಂದಾಗ ನೀರು ಹೊರಹೋಗಲು ದಾರಿಯಿಲ್ಲದೆ ಅಣೆಗೇ ಅಪಾಯ ಬಂದೀತು. ಈ ಇಕ್ಕಟ್ಟಿಗೆ ಅವರು ಕಂಡುಹಿಡಿದ ಪರಿಹಾರವೇ ತಾನಾಗಿ ತೆರೆದುಕೊಳ್ಳುವ ಬಾಗಿಲುಗಳು. ಕೋಡಿಯ ಮೇಲೆ ಸುಮಾರು 8 ಅಡಿ ಎತ್ತರದವರೆಗೆ ನೀರನ್ನು ಈ ಬಾಗಿಲುಗಳು ತಡೆಯುತ್ತಿದ್ದುವು. ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿತೆಂದರೆ, ತೂಕಗಳಿಂದ ಸರಿತೂಗಿಸಿದ್ದ ಬಾಗಿಲುಗಳು ನೀರಿನ ಬಲದಿಂದಲೇ ತೆರೆದುಕೊಂಡು ನೆರೆಯನ್ನು ಹೊರಗೆ ಬಿಡುತ್ತಿದ್ದುವು. ನೀರು ಇಳಿದೊಡನೆ ಮತ್ತೆ ಮುಚ್ಚಿಕೊಳ್ಳುತ್ತಿದ್ದುವು. 1903ರಲ್ಲಿ ಅವುಗಳನ್ನು ಅಳವಡಿಸಲಾಯಿತು. ಅವುಗಳ ಮೇಲೆ ತಮಗಿದ್ದ ಸ್ವಾಮ್ಯದಿಂದ ಸರ್ಕಾರದ ಹಣವನ್ನು ಪಡೆಯಲು ಅವರು ಒಪ್ಪಲಿಲ್ಲ. ಸಂಬಳ ಪಡೆದು ಮಾಡಿದ ಕೆಲಸಕ್ಕೆ ಮತ್ತೊಂದು ಫಲವನ್ನು ಬಯಸುವುದು ಅವರ ಮನೋಧರ್ಮಕ್ಕೆ ಸಲ್ಲದ ಮಾತಾಗಿತ್ತು. ಕಾಯಕವೆಂಬ ಪದದ ಅರ್ಥವನ್ನು ಬಲ್ಲವರಿಗೆ ಈ ನಡತೆ ಪರಕೀಯವೆನಿಸದು.

ಈ ಬಾಗಿಲುಗಳ ಹಿಂದೆ ಇದ್ದ ತತ್ತ್ವವು ಬಲು ಸರಳವಾದುದು. ಅಣೆಯ ಶಕ್ತಿಯನ್ನು ಅದು ಎಷ್ಟು ನೀರನ್ನು ಹಿಡಿದೀತು ಎಂಬುದರಿಂದಷ್ಟೇ ಅಳೆಯುವುದಲ್ಲ. ಹಿಡಿಯಲಾಗದ ನೀರನ್ನು ಎಷ್ಟು ಸುರಕ್ಷಿತವಾಗಿ ಬಿಟ್ಟುಕೊಟ್ಟೀತು ಎಂಬುದರಿಂದಲೂ ಅಳೆಯಬೇಕು. ಕೋಡಿಯೆಂಬುದು ಅಣೆಯ ಉಸಿರು. ಅದನ್ನು ಮುಚ್ಚಿದವನು ಅಣೆಯ ಕೊರಳನ್ನು ಹಿಸುಕಿದಂತೆಯೇ ಸರಿ.

ಅರ್ಹತೆಯಿದ್ದರೂ ಉನ್ನತ ಪದವಿ ದೊರೆಯುವ ಸಂಭವವಿಲ್ಲವೆಂದು ಕಂಡು ಅವರು ಮುಂಬಯಿ ಸರ್ಕಾರದ ಸೇವೆಯಿಂದ ಅವಧಿಗೆ ಮೊದಲೇ ನಿವೃತ್ತರಾಗಲು ನಿಶ್ಚಯಿಸಿ, 1908ರಲ್ಲಿ ವಿದೇಶ ಪ್ರವಾಸಕ್ಕೆ ಹೊರಟರು. ಇಟಲಿಯಲ್ಲಿದ್ದಾಗ ಹೈದರಾಬಾದಿನ ನಿಜಾಮರ ಸರ್ಕಾರದಿಂದ ಅವರಿಗೆ ತಂತಿ ಬಂದಿತು. ಆ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರ ಹೈದರಾಬಾದ್ ನಗರವನ್ನು ಧ್ವಂಸಮಾಡಿತ್ತು. ಸತ್ತವರ ಸಂಖ್ಯೆ ಸುಮಾರು 15,000 ಎಂದು ಅಂದಾಜು. ಕುಸಿದ ಮನೆಗಳು ಅದಕ್ಕಿಂತಲೂ ಹೆಚ್ಚು. ಹಳೆಯ ಸೇತುವೆಯೊಂದನ್ನುಳಿದು ನಗರದ ಸೇತುವೆಗಳು ಕೊಚ್ಚಿಹೋದುವು. ಅಫ್ಜಲ್‌ಗಂಜಿನ ಹುಣಸೆಯ ಮರವೊಂದನ್ನು ಹತ್ತಿ ನೂರಾರು ಮಂದಿ ಪ್ರಾಣ ಉಳಿಸಿಕೊಂಡರು. ಆ ಮರವನ್ನು ಇಂದಿಗೂ ಜನರು ನೆನೆಯುತ್ತಾರೆ. ರಾಯಚೂರು, ಕಲಬುರಗಿ, ಬೀದರಗಳ ಕನ್ನಡಿಗರಿಗೂ ಹೈದರಾಬಾದೇ ರಾಜಧಾನಿಯಾಗಿದ್ದ ಕಾಲವದು. ಆ ದುಃಖ ಕನ್ನಡಿಗರದೂ ಆಗಿತ್ತು.

1909ರ ಏಪ್ರಿಲ್ ತಿಂಗಳಲ್ಲಿ ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದು ಕೆಲಸವನ್ನು ಕೈಗೆತ್ತಿಕೊಂಡರು. ನಗರವನ್ನು ಮುಳುಗಿಸಿದ ನೀರು ಎಲ್ಲಿಂದ ಬಂದಿತು, ಹೇಗೆ ಬಂದಿತು ಎಂಬುದು ಅವರ ಮೊದಲ ಪ್ರಶ್ನೆ. ಉತ್ತರವನ್ನು ಅವರು ನದಿಯ ಮೇಲ್ಭಾಗದ ಹಳ್ಳಿಗಳಲ್ಲಿ ಹುಡುಕಿದರು. ಮಳೆಯ ಲೆಕ್ಕ, ನೆರೆಯ ಗುರುತು, ಹಳ್ಳಗಳ ಇಳಿಜಾರು, ಒಡೆದ ಏರಿಗಳ ಅವಶೇಷ ಎಲ್ಲವನ್ನೂ ಅಳೆದು ಬರೆದುಕೊಳ್ಳಲಾಯಿತು. ಮೂಸಿಯ ಮೇಲ್ಗಡೆಯ ಜಲಾನಯನದಲ್ಲಿ 788 ಕೆರೆಗಳಿದ್ದುವು. ಸುಮಾರಾಗಿ ಚದರ ಮೈಲಿಗೆ ಒಂದರಂತೆ. ಆ ಒಂದು ಮಳೆಯಲ್ಲಿ ಅವುಗಳ ಪೈಕಿ 221 ಕೆರೆಗಳು ಒಡೆದುಹೋಗಿದ್ದುವು.

ಈ ಎರಡು ಅಂಕಿಗಳನ್ನು ಓದುವವರು ಒಂದು ಗಳಿಗೆ ನಿಂತು ಯೋಚಿಸಬೇಕು. ಅವು ದೊಡ್ಡ ಅಣೆಕಟ್ಟುಗಳಲ್ಲ. ಊರ ಗೌಡನೂ ಕುಲಕರ್ಣಿಯೂ ದಿನವೂ ಕಾಣುತ್ತಿದ್ದ, ದನಕರುಗಳು ನೀರು ಕುಡಿಯುತ್ತಿದ್ದ, ಹೆಣ್ಣುಮಕ್ಕಳು ಬಟ್ಟೆ ಸೆಳೆಯುತ್ತಿದ್ದ ಸಾಮಾನ್ಯ ಕೆರೆಗಳು. ಒಂದೊಂದನ್ನೇ ನೋಡಿದರೆ ಯಾವುದೂ ನಗರವನ್ನು ಮುಳುಗಿಸುವಷ್ಟು ನೀರನ್ನು ಹಿಡಿದುದಲ್ಲ. ಆದರೆ ಮೇಲಿನ ಕೆರೆ ಒಡೆದಾಗ ಅದರ ನೀರು ಕೆಳಗಿನ ಕೆರೆಗೆ ಒಮ್ಮೆಲೇ ನುಗ್ಗುತ್ತದೆ. ಕೆಳಗಿನ ಕೆರೆಯ ಕೋಡಿಯು ತನ್ನ ಸುತ್ತಿನ ಮಳೆಯ ನೀರಿಗೆ ತಕ್ಕಷ್ಟು ಅಗಲವಾಗಿರುವುದೇ ಹೊರತು ಮೇಲಿನ ಕೆರೆಯ ಇಡೀ ಸಂಗ್ರಹಕ್ಕೆ ತಕ್ಕಷ್ಟಿರುವುದಿಲ್ಲ. ಆಗ ನೀರು ಏರಿಯನ್ನೇ ಮೀರಿ ಹರಿದು ಮಣ್ಣನ್ನು ಕೊರೆಯುತ್ತದೆ; ಎರಡನೆಯದೂ ಹೋಗುತ್ತದೆ; ಎರಡರ ನೀರೂ ಕೂಡಿ ಮೂರನೆಯದರ ಮೇಲೆ ಬೀಳುತ್ತದೆ. ಹೀಗೆ ಸರಪಳಿಯಂತೆ ಒಡೆಯುತ್ತ ಬಂದ ಕೆರೆಗಳು, ಮಳೆಯೇ ತಂದ ನೆರೆಯ ಮೇಲೆ ಮತ್ತೊಂದು ನೆರೆಯನ್ನು ಹೇರಿದುವು. ಮಗ್ಗದ ಮುಂದೆ ಕುಳಿತು ಖಣ ನೇಯುವವರು ಹಾಸಿನ ಒಂದು ಎಳೆ ತುಂಡಾದೊಡನೆ ಕೈ ನಿಲ್ಲಿಸಿ ಗಂಟು ಹಾಕುತ್ತಾರೆ. ಒಂದೇ ಎಳೆಯಲ್ಲವೇ ಎಂದು ಬಿಟ್ಟರೆ ಇಡೀ ಬಟ್ಟೆ ಕೆಟ್ಟೀತೆಂದು ಅವರು ಬಲ್ಲರು. ಕೆರೆಗಳ ಸಾಲಿನ ಧರ್ಮವೂ ಅಂಥದೇ.

ವಿಶ್ವೇಶ್ವರಯ್ಯನವರು ಸೂಚಿಸಿದ ಪರಿಹಾರದಲ್ಲಿ ಮುಖ್ಯವಾದುದು, ನಗರದ ಮೇಲ್ಗಡೆ ಮೂಸಿಗೂ ಅದರ ಉಪನದಿ ಈಸಿಗೂ ನೆರೆಯನ್ನು ತಡೆಯುವ ಎರಡು ಜಲಾಶಯಗಳನ್ನು ಕಟ್ಟುವುದು. ಅವರ ವರದಿಯ ಜಾಡಿನಲ್ಲಿ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡುವು. ನೆರೆ ತಡೆಯುವ ಜಲಾಶಯಕ್ಕೆ ಒಂದು ವಿಶೇಷ ನಿಯಮವುಂಟು. ನೀರಾವರಿಯ ಕೆರೆ ತುಂಬಿದ್ದಷ್ಟೂ ಸಂತೋಷ. ನೆರೆ ತಡೆಯುವ ಅಣೆಯಲ್ಲಿ ಬರಲಿರುವ ನೀರಿಗೆಂದು ಜಾಗ ಬಿಟ್ಟಿರಬೇಕು. ಮಳೆಗಾಲದ ಮೊದಲಲ್ಲೇ ಅದನ್ನು ತುಂಬಿಸಿಬಿಟ್ಟರೆ ಕಟ್ಟಿದ ಉದ್ದೇಶವೇ ನಷ್ಟವಾಗುತ್ತದೆ. ಖಾಲಿ ಜಾಗವನ್ನು ಖಾಲಿಯಾಗಿಯೇ ಕಾಪಾಡುವುದು ಜನರ ಕಣ್ಣಿಗೆ ಕಾಣದ ಸೇವೆ. ಅದಕ್ಕೆ ಮಾಲೆ ಮರ್ಯಾದೆಗಳಿಲ್ಲ, ಉದ್ಘಾಟನೆಗಳಿಲ್ಲ. ಆದರೆ ಪ್ರಾಣ ಉಳಿಸುವುದು ಅದೇ.

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕೆಲಸ ಮೊದಲಾಯಿತು. ಗಾರೆಯನ್ನು ಸುಣ್ಣ ಸುರಕಿಗಳಿಂದ ಕೂಡಿಸಿ ಕಟ್ಟಿದ ಆ ಅಣೆಯಲ್ಲಿಯೂ ತಾನಾಗಿ ತೆರೆಯುವ ಬಾಗಿಲುಗಳು ಸ್ಥಾನ ಪಡೆದುವು. ಕೆಲಸವು ಅವರ ಅಧಿಕಾರದ ಅವಧಿಯನ್ನು ದಾಟಿ 1930ರ ದಶಕದ ಆದಿಯವರೆಗೆ ನಡೆಯಿತು. ಈ ಮಹಾಕಾರ್ಯದ ಪ್ರಭೆಯಲ್ಲಿ ಮರೆಯಾದ ಚಿಕ್ಕ ಸಂಗತಿಯೊಂದುಂಟು. ಅವರು ಮುಖ್ಯ ಇಂಜಿನಿಯರರಾಗಿದ್ದ ಕಾಲದಲ್ಲಿಯೇ, 1911ರಲ್ಲಿ, ಮೈಸೂರಿನಲ್ಲಿ ಕೆರೆ ಪಂಚಾಯಿತಿಗಳನ್ನು ಕುರಿತ ಕಾನೂನು ಜಾರಿಗೆ ಬಂದಿತು. ಸಾವಿರಾರು ಕೆರೆಗಳ ನಾಡಿನಲ್ಲಿ ಪ್ರತಿಯೊಂದು ಏರಿಯನ್ನೂ ರಾಜಧಾನಿಯಿಂದ ನೋಡಿಕೊಳ್ಳುವುದು ಆಗದ ಮಾತು. ಅದರ ನೀರನ್ನುಣ್ಣುವ ಊರವರೇ ಅದರ ಹೊಣೆಯಲ್ಲಿ ಪಾಲುಗೊಳ್ಳಬೇಕು ಎಂಬುದು ಅಂಥ ಪಂಚಾಯಿತಿಗಳ ಆಶಯ. ಹಿಂದೆ ಊರೂರಲ್ಲಿ ನೀರುಗಂಟಿಯೆಂಬವನಿದ್ದು ತೂಬು ತೆರೆಯುವುದು, ಕೋಡಿ ನೋಡುವುದು, ಏರಿಯ ಮೇಲೆ ರಾತ್ರಿ ಸುತ್ತುವುದು ಅವನ ಕಾಯಕವಾಗಿತ್ತು. ಆ ಪದ್ಧತಿ ಸಡಿಲವಾದ ಕಡೆಗಳಲ್ಲೆಲ್ಲ ಕೆರೆಗಳು ದಿಕ್ಕಿಲ್ಲದುವಾದುವು.

1912ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿಕೊಂಡರು. ಅವರ ಆಡಳಿತದ ಆರು ವರ್ಷಗಳಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡುವು. ಶಿಕ್ಷಣ, ಉದ್ಯಮ, ಗ್ರಾಮಸುಧಾರಣೆ ಯಾವುದನ್ನು ಕೈಗೊಂಡರೂ ಅವರ ರೀತಿ ಒಂದೇ: ಮೊದಲು ಸ್ಥಳಕ್ಕೆ ಹೋಗಿ ನೋಡುವುದು, ಬಳಿಕ ಅಳೆಯುವುದು, ಬರೆದಿಡುವುದು, ಕಾಲವನ್ನು ಗೊತ್ತುಪಡಿಸುವುದು, ಗೊತ್ತುಪಡಿಸಿದ ಕಾಲಕ್ಕೆ ಮತ್ತೆ ಬಂದು ನೋಡುವುದು. ಈ ಕೊನೆಯ ಹೆಜ್ಜೆಯನ್ನು ಬಹುಮಂದಿ ಮರೆಯುತ್ತಾರೆ, ಅವರು ಮರೆಯುತ್ತಿರಲಿಲ್ಲ. 1918ರಲ್ಲಿ ಅಭಿಪ್ರಾಯಭೇದದ ಕಾರಣದಿಂದ ದಿವಾನಗಿರಿಯನ್ನು ಬಿಟ್ಟುಕೊಟ್ಟರು. ಅಧಿಕಾರ ಹೋದ ಮೇಲೂ ಕೆಲಸ ನಿಲ್ಲಲಿಲ್ಲ. 1937ರಲ್ಲಿ ಗಾಂಧೀಜಿಯವರ ಅಪೇಕ್ಷೆಯಂತೆ ಒಡಿಶಾಕ್ಕೆ ತೆರಳಿ ಮಹಾನದಿಯ ನೆರೆಯ ಸಮಸ್ಯೆಯನ್ನು ಪರಿಶೀಲಿಸಿ ವರದಿಯಿತ್ತರು. ಆಗ ಅವರಿಗೆ ಎಪ್ಪತ್ತಾರು ವರ್ಷ ದಾಟಿತ್ತು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿಕೊಂಡು ಬಂದಿತು. 1960ರಲ್ಲಿ ನಾಡು ಅವರ ಜನ್ಮಶತಾಬ್ದಿಯನ್ನು ಆಚರಿಸಿತು.

ಶತಾಬ್ದಿಯ ಮರುವರ್ಷವೇ ವಿಧಿ ಒಂದು ಕ್ರೂರ ನಿದರ್ಶನವನ್ನು ತಂದೊಡ್ಡಿತು. ಪುಣೆಯ ಮೇಲ್ಗಡೆ ಪಾನ್‌ಶೆತ್ ಎಂಬಲ್ಲಿ ಮಣ್ಣಿನ ಹೊಸ ಅಣೆಯೊಂದು ಕಟ್ಟಲ್ಪಡುತ್ತಿತ್ತು. ನೀರು ಹೊರಬಿಡುವ ಕೊಳವೆಯ ಮಾರ್ಗ ಪೂರ್ಣಗೊಳ್ಳುವ ಮೊದಲೇ ಮಳೆಗಾಲದ ನೀರು ಅದರಲ್ಲಿ ತುಂಬಿಕೊಂಡಿತು. ಕೊಳವೆಯ ಮೇಲಿನ ಮಣ್ಣು ಕುಸಿದು ಏರಿಯ ತಲೆ ತಗ್ಗತೊಡಗಿತು. ಸೈನಿಕರು ಮರಳಿನ ಚೀಲಗಳನ್ನು ಪೇರಿಸಿ ಇರುಳೆಲ್ಲ ಹೋರಾಡಿದರೂ 1961ರ ಜುಲೈ 12ರಂದು ಅದು ಒಡೆಯಿತು. ಆ ನೀರು ಕೆಳಗಿನ ಖಡಕ್‌ವಾಸಲಾ ಅಣೆಯ ಮೇಲೆ ಬಿದ್ದಿತು. ಐವತ್ತೆಂಟು ವರ್ಷಗಳ ಹಿಂದೆ ವಿಶ್ವೇಶ್ವರಯ್ಯನವರು ಬಾಗಿಲುಗಳನ್ನು ಅಳವಡಿಸಿದ್ದ ಆ ಅಣೆಯೂ ತಡೆಯಲಾರದೆ ಒಡೆದು ಪುಣೆ ಜಲಾವೃತವಾಯಿತು. ಮೂಸಿಯ ಕೆರೆಗಳ ಸಾಲು ತೋರಿಸಿದ ಸತ್ಯವೇ ದೊಡ್ಡ ಅಣೆಗಳಲ್ಲಿ ಮತ್ತೆ ಕಾಣಿಸಿಕೊಂಡಿತು: ಮೇಲಿನದು ಭದ್ರವಾಗಿಲ್ಲದಿದ್ದರೆ ಕೆಳಗಿನದು ಎಷ್ಟು ಚೆನ್ನಾಗಿದ್ದರೂ ಉಳಿಯಲಾರದು. ಮುಂದಿನ ವರ್ಷ, 1962ರ ಏಪ್ರಿಲಿನಲ್ಲಿ, ನೂರು ವರ್ಷಗಳನ್ನು ದಾಟಿದ ಆ ಮಹಾಚೇತನವು ಬೆಂಗಳೂರಿನಲ್ಲಿ ಕಣ್ಮರೆಯಾಯಿತು. ಮುದ್ದೇನಹಳ್ಳಿಯ ಮಣ್ಣೇ ಅವರಿಗೆ ಕೊನೆಯ ನೆಲೆಯಾಯಿತು. ಅವರ ಜನ್ಮದಿನವನ್ನು ಭಾರತವು ಇಂಜಿನಿಯರುಗಳ ದಿನವೆಂದು ಆಚರಿಸುತ್ತಿದೆ.

ಅಂಥವರ ಜೀವನವನ್ನು ಓದಿ ಕೈಮುಗಿದು ಪುಸ್ತಕ ಮಡಚಿದರೆ ಪ್ರಯೋಜನವೇನು? ಮಲಪ್ರಭೆಯ ದಂಡೆಯ ಜನರು 2009ರ ಅಕ್ಟೋಬರಿನ ನೆರೆಯನ್ನೂ 2019ರ ಆಗಸ್ಟಿನ ನೆರೆಯನ್ನೂ ಮರೆತಿಲ್ಲ. ಎರಡನೆಯದರಲ್ಲಿ ಪಟ್ಟದಕಲ್ಲಿನ ದೇಗುಲಗಳನ್ನೇ ನೀರು ಸುತ್ತುವರಿದಿತ್ತು. ದೊಡ್ಡ ನದಿಯ ನೆರೆಯನ್ನು ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಯಲ್ಲಿ ಅಧಿಕಾರಿಗಳು ನಿತ್ಯ ಗಮನಿಸುತ್ತಾರೆ. ಆದರೆ ಗುಡ್ಡದಿಂದ ಇಳಿಯುವ ಹಳ್ಳದ ನೀರಿಗೆ ಅಡ್ಡಲಾಗಿ ಊರ ಮೇಲ್ಗಡೆ ಕಟ್ಟಿರುವ ಸಣ್ಣ ಒಡ್ಡು, ಜಿನುಗು ಕೆರೆ, ನೆರೆ ತಡೆಯುವ ಚಿಕ್ಕ ಅಣೆ ಇವುಗಳನ್ನು ಗಮನಿಸುವವರು ಯಾರು? 2021ರಲ್ಲಿ ಸಂಸತ್ತು ಅಂಗೀಕರಿಸಿದ ಅಣೆಕಟ್ಟು ಸುರಕ್ಷತಾ ಅಧಿನಿಯಮವು 15 ಮೀಟರಿಗಿಂತ ಎತ್ತರವಾದ ಅಣೆಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರಿನವುಗಳ ಪೈಕಿ ಕೆಲವಕ್ಕೆ ಮಾತ್ರ ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕವು ಅದರ ಕಣ್ಣಿಗೆ ಬೀಳುವುದಿಲ್ಲ. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಅದಕ್ಕೆ ಕಡಿಮೆಯವು ಪಂಚಾಯತಿ ವ್ಯವಸ್ಥೆಗೂ ಸೇರುತ್ತವೆ. ಕಾಗದದ ಮೇಲೆ ಒಡೆಯರಿದ್ದರೂ ಮಳೆಯ ರಾತ್ರಿ ಏರಿಯ ಮೇಲೆ ನಿಲ್ಲುವವರಿಲ್ಲದಿದ್ದರೆ ಅದು ಅನಾಥವೇ.

ಈ ಸೀಮೆಯ ಎರೆಮಣ್ಣು ಬೇಸಗೆಯಲ್ಲಿ ಒಡೆದು ಬಿರುಕು ಬಿಡುತ್ತದೆ. ಏರಿಯಲ್ಲಿ ಅಂಥ ಬಿರುಕು ಕಂಡರೆ ಮೊದಲ ಮಳೆಗೆ ಮುಂಚೆಯೇ ತುಂಬಿ ಧಮ್ಮಸು ಮಾಡಬೇಕು. ಏರಿಯ ಮೇಲೆ ಜಾಲಿಯೂ ಬೇವೂ ಬೆಳೆದರೆ ನೋಡಲು ನೆರಳು. ಆದರೆ ಮರ ಸತ್ತು ಬೇರು ಕೊಳೆತಾಗ ಆ ಬೇರಿನ ಜಾಡೇ ನೀರಿಗೆ ದಾರಿ. ಹೆಗ್ಗಣದ ಬಿಲ, ಏಡಿಯ ತೂತು, ಗೆದ್ದಲ ಹುತ್ತ ಇವೆಲ್ಲವೂ ಹಾಗೆಯೇ. ಏರಿಯ ಹೊರಮೈಯ ಬುಡದಲ್ಲಿ ತಿಳಿನೀರು ಅಲ್ಪಸ್ವಲ್ಪ ಜಿನುಗುವುದು ಮಣ್ಣಿನ ಕಟ್ಟಡದ ಸಹಜ ಗುಣ. ಜಿನುಗು ಹೆಚ್ಚಿದರೆ, ಅಥವಾ ತಿಳಿನೀರು ರಾಡಿಯಾದರೆ, ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದೇ ತಿಳಿದು ಕೂಡಲೇ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಬೇಕು, ಕೆಳಗಿನ ಮನೆಗಳವರನ್ನು ಎಚ್ಚರಿಸಬೇಕು. ಇನ್ನೆರಡು ದಿನ ನೀರು ಹೆಚ್ಚು ನಿಲ್ಲಲಿ ಎಂದೋ, ಮೀನು ತಪ್ಪಿಸಿಕೊಳ್ಳದಿರಲಿ ಎಂದೋ ಕೋಡಿಗೆ ಕಲ್ಲು ಚೀಲಗಳನ್ನು ಅಡ್ಡ ಇಡುವುದು ಹಲವೆಡೆ ರೂಢಿಯಾಗಿದೆ. ಖಡಕ್‌ವಾಸಲಾದ ಕೋಡಿಗೆ ನೀರಿನೊಡನೆ ತಾನೇ ತೆರೆಯುವ ಬಾಗಿಲನ್ನು ಅಷ್ಟು ಶ್ರಮಪಟ್ಟು ರೂಪಿಸಿದವರ ನಾಡಿನಲ್ಲಿ, ಎಂದಿಗೂ ತಾನಾಗಿ ತೆರೆಯದ ಕಲ್ಲಿನ ಅಡ್ಡವನ್ನು ಕೋಡಿಗೆ ಇಡುವುದು ತಿಳಿಗೇಡಿತನ.

ಎಚ್ಚರಿಕೆಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ನೆರೆಯ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬ ಊರ ಮೇಲಿನ ಸಣ್ಣ ಮಣ್ಣಿನ ಅಣೆ 2019ರ ಜುಲೈ 2ರ ರಾತ್ರಿ ಒಡೆದು ಇಪ್ಪತ್ತರಷ್ಟು ಜನರು ಪ್ರಾಣ ಕಳೆದುಕೊಂಡರು. ಅಣೆ ಸೋರುತ್ತಿದೆಯೆಂದು ಊರವರು ಮೊದಲೇ ಮೊರೆಯಿಟ್ಟಿದ್ದರು. 2024ರ ಆಗಸ್ಟಿನಲ್ಲಿ ಎಪ್ಪತ್ತು ವರ್ಷ ದುಡಿದ ತುಂಗಭದ್ರಾ ಅಣೆಯ 19ನೆಯ ಬಾಗಿಲು, ಅದರ ಸರಪಳಿ ತುಂಡಾದುದರಿಂದ ಕೊಚ್ಚಿಹೋಯಿತು. ಅಣೆ ದೊಡ್ಡದಿರಲಿ ಚಿಕ್ಕದಿರಲಿ, ಅದರ ಬಲವು ಅದರ ಅತ್ಯಂತ ದುರ್ಬಲವಾದ ಕೊಂಡಿಯ ಬಲದಷ್ಟೇ.

ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳು ಈ ಕಾರ್ಯದಲ್ಲಿ ಒಂದು ಪಾಲನ್ನು ಹೊರಬಲ್ಲುವು. ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಗುರುಗಳು ಮೇಲ್ತರಗತಿಯ ವಿದ್ಯಾರ್ಥಿಗಳನ್ನು ಕೂಡಿಕೊಂಡು ಹತ್ತಿರದ ಒಡ್ಡಿಗೆ ಹೋಗಿ, ಏರಿಯ ತಲೆ, ಒಳಮೈಯ ಕಲ್ಲುಹಾಸು, ಹೊರಮೈಯ ಬುಡ, ತೂಬು, ಕೋಡಿ ಈ ಐದನ್ನು ನೋಡಿ ಒಂದು ವಹಿಯಲ್ಲಿ ಬರೆದಿಡಲಿ. ಹೋದ ವರ್ಷದ ಬರಹದೊಡನೆ ಈ ವರ್ಷದ್ದನ್ನು ಹೋಲಿಸಿ, ಕಂಡ ಕೊರತೆಯನ್ನು ಪಂಚಾಯತಿಗೆ ಲಿಖಿತವಾಗಿ ತಿಳಿಸಲಿ. ಇಂಜಿನಿಯರುಗಳಾಗಿ ಹೊರನಾಡುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಆ ವಹಿಯನ್ನು ಓದಿ ಸಲಹೆ ಕೊಡಲಿ. ದಾನಿಗಳು ಹೊಸ ಕಟ್ಟಡಗಳ ಕಲ್ಲಿನ ಮೇಲೆ ಹೆಸರು ಬರೆಸುವುದರ ಜೊತೆಗೆ, ಹಿಂದಿನವರು ಬಿತ್ತುವಟ್ಟ ಬಿಟ್ಟಂತೆ, ಪಂಚಾಯತಿಯ ಒಪ್ಪಿಗೆಯೊಡನೆ ಹಳೆಯ ಏರಿಯೊಂದರ ವಾರ್ಷಿಕ ದುರಸ್ತಿಗೂ ದತ್ತಿಯಿಡಲಿ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಸೆಪ್ಟೆಂಬರ್ 15ರಂದು ಹೂಮಾಲೆ ಹಾಕುವ ಕೈಗಳು, ಅದಕ್ಕೆ ಮೊದಲು ಜ್ಯೇಷ್ಠ ಮಾಸದಲ್ಲಿ ಊರ ಕೋಡಿಯ ಕಸವನ್ನೂ ತೆಗೆದಿದ್ದರೆ ಆ ಮಾಲೆಗೆ ಬೆಲೆ ಬರುತ್ತದೆ.